ತಿಮ್ಮಕ್ಕನ ಬಿಸಿ ಹಾಲು

ಜುಲೈ 2, 2002, ಮಂಗಳವಾರ

ನಮ್ಮ ಹೊಸಮಕ್ಕಿಯಲ್ಲಿ ಹಾಲಿನ ಸಂಘ ಶುರುವಾಗಿ ಒಂದು ತಿಂಗಳಾಯಿತು. ಹಾಲು ಪರೀಕ್ಷೆ ಮಾಡುವ ಕೆಲಸ ನನ್ನದು. ಐದನೇ ಕ್ಲಾಸಿಗೆ ಪುಸ್ತಕ ಮಡಚಿದ ರುದ್ರಪ್ಪನಿಗೆ ಈ ಕೆಲಸ ಯಾಕೆ ಕೊಟ್ಟರು ಎಂದು ಕೇಳುವವರಿದ್ದಾರೆ. ಇಪ್ಪತ್ತು ವರ್ಷ ಬಾಳೂರು ರಸ್ತೆಯಲ್ಲಿ ಹೋಟ್ಲು ಇಟ್ಟು ಹಾಲಿಗೆ ನೀರು ಹಾಕಿದವನು ನಾನು. ನೀರಿನ ವಿಷಯದಲ್ಲಿ ನನಗಿಂತ ತಿಳಿದವರು ಈ ಊರಲ್ಲಿ ಯಾರಿದ್ದಾರೆ ಎಂದು ನಾನೇ ತಿರುಗಿ ಕೇಳುತ್ತೇನೆ. ಅವರು ನಗುತ್ತಾರೆ, ನಾನು ಕ್ಯಾನು ಎತ್ತಿಕೊಳ್ಳುತ್ತೇನೆ.

ನಮ್ಮ ಕಡೆ ಹಸು ಸಾಕುತ್ತಿದ್ದದ್ದು ಗೊಬ್ಬರಕ್ಕೆ. ಕಾಫಿ ಗಿಡದ ಬುಡಕ್ಕೆ ಸಗಣಿ ಬಿದ್ದರೆ ಸಾಕು, ಹಾಲು ಸಿಕ್ಕಿದರೆ ಸಿಕ್ಕಿತು. ಮಲೆನಾಡು ಗಿಡ್ಡ ಹಸುವಿನ ಹಾಲು ಮನೆಯ ಕಾಫಿಗೆ ಆದರೆ ಮಜ್ಜಿಗೆಗೆ ಇಲ್ಲ. ಈಗ ಕಾಫಿಗೆ ರೇಟಿಲ್ಲ. ಹಾಗಾಗಿ ಮನೆಮನೆಗೂ ಕಪ್ಪು ಬಿಳಿ ಪಟ್ಟೆಯ ದೊಡ್ಡ ಹಸುಗಳು ಬಂದಿವೆ. ಅವು ಕೊಟ್ಟಿಗೆಗೆ ಹೊಕ್ಕುವಾಗ ಬಾಗಿಲು ಒಡೆಸಿ ಅಗಲ ಮಾಡಿದವರೂ ಇದ್ದಾರೆ.

ಸಂಘದ ಸೆಕ್ರೆಟರಿ ಶಶಿಧರ್, ಪಿಯುಸಿ ಓದಿದ ಹುಡುಗ, ನನಗೆ ಒಂದು ಗಾಜಿನ ಕಡ್ಡಿ ಕೊಟ್ಟಿದ್ದಾನೆ. ಅದನ್ನು ಹಾಲಲ್ಲಿ ಬಿಟ್ಟರೆ ತೇಲುತ್ತದೆ. ಮೈ ಮೇಲೆ ಅಂಕಿ ಬರೆದಿದೆ. ಗಟ್ಟಿ ಹಾಲಾದರೆ ಮೇಲೆ ನಿಲ್ಲುತ್ತದೆ, ನೀರು ಹಾಕಿದ ಹಾಲಾದರೆ ಮುಳುಗುತ್ತದೆ. ಇಪ್ಪತ್ತಾರಕ್ಕಿಂತ ಕೆಳಗೆ ಬಂದರೆ ವಾಪಸ್. ಒಬ್ಬರದೇ ಹಾಲು ಮೂರು ಸಲ ವಾಪಸಾದರೆ ಸಂಘದಿಂದ ಹೆಸರು ಹೊಡೆದು ಹಾಕುತ್ತಾರೆ.

ಈ ಕಡ್ಡಿ ನನ್ನ ಹೋಟ್ಲಿನ ಕಾಲದಲ್ಲಿ ಇರಲಿಲ್ಲವಲ್ಲ, ಬಚಾವಾದೆ.

ಜುಲೈ 4, ಗುರುವಾರ

ಇವತ್ತು ಒಳ್ಳೆ ತಮಾಷೆ. ಸಂಘದ ಎದುರು ಮನೆಯ ತಿಮ್ಮಕ್ಕ ಮೊದಲ ಸಲ ಸಂಘಕ್ಕೆ ತಂದ ಹಾಲು ಇಪ್ಪತ್ತೈದಕ್ಕೆ ನಿಂತಿತು! ರಸ್ತೆ ದಾಟಿದರೆ ಅವರ ಕೊಟ್ಟಿಗೆ. ಗಂಡ ತೀರಿಹೋದ ಮೇಲೆ ಎರಡೆಕರೆ ತೋಟ ಒಬ್ಬರೇ ನೋಡಿಕೊಂಡಿರುವವರು, ಅರವತ್ತು ದಾಟಿದವರು. ಕರೆದ ಹಾಲನ್ನು ಬಿಸಿ ಆರುವ ಮೊದಲೇ ಕೊಡಬೇಕು, ಆರಿದ ಹಾಲಿಗೆ ಯಾರ ಕೈ ಬಿದ್ದಿದೆಯೋ ಯಾರು ಬಲ್ಲರು ಎನ್ನುವುದು ಅವರ ಪದ್ಧತಿ. ಕ್ಯಾನಿನ ಬಾಯಿಗೆ ಬಟ್ಟೆ ಕಟ್ಟಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಾಜರು.

ಕಡ್ಡಿ ಮುಳುಗಿದ್ದು ನೋಡಿ ಸಾಲಿನಲ್ಲಿದ್ದ ಹದಿನೈದು ಜನ ನನ್ನ ಬಾಯಿ ನೋಡಿದರು. ಅವರಿಗೆ ಏನು ಬೇಕೋ ನನಗೆ ಗೊತ್ತಲ್ಲ.

"ತಿಮ್ಮಕ್ಕನ ಹಸು ಸಾಮಾನ್ಯದ್ದಲ್ಲ ಕಣ್ರೋ," ಅಂದೆ. "ಎರಡು ಮೊಲೇಲಿ ಹಾಲು, ಇನ್ನೆರಡು ಮೊಲೇಲಿ ಭದ್ರಾ ಹೊಳೆ!"

ಏನು ನಗು! ರಸ್ತೆ ಬದಿ ನಿಂತಿದ್ದ, ಕಳಸಕ್ಕೆ ಜನ ಒಯ್ಯುವ ಜೀಪಿನ ಡ್ರೈವರ್ ಸ್ಟೇರಿಂಗಿಗೆ ತಲೆ ಚಚ್ಚಿಕೊಂಡು ನಕ್ಕ. ತಿಮ್ಮಕ್ಕನೂ ಅರ್ಧ ನಕ್ಕರು. "ನಿನ್ ಬಾಯಿಗೆ ಬೀಗ ಇಲ್ಲ ಮಾರಾಯ. ಸರಿಯಾಗಿ ನೋಡು ಇನ್ನೊಂದ್ ಸಲ" ಅಂದರು. ನೋಡಿದೆ. ಇಪ್ಪತ್ತೈದೇ. ಹಾಲು ವಾಪಸ್.

ಜುಲೈ 8, ಸೋಮವಾರ

ನನ್ನ ಮಾತು ಕಳಸದ ಸಂತೆಗೆ ಹೋಗಿ, ಬಸ್ಸು ಹತ್ತಿ ನನಗೇ ವಾಪಸ್ ಬಂತು! ಕೊಟ್ಟಿಗೆಹಾರದವನೊಬ್ಬ "ನಿಮ್ಮೂರಲ್ಲಿ ಹೊಳೆ ಕರೆಯೋ ಹಸು ಇದ್ಯಂತಲ್ಲ" ಎಂದು ಕೇಳಿದ. ಹೇಳಿದವನು ನಾನೇ ಎಂದರೆ ನಂಬಲಿಲ್ಲ. ಅವನ ಭಾವ ಹೇಳಿದ್ದಂತೆ.

ಜುಲೈ 11, ಗುರುವಾರ

ಒಂದು ವಾರ ಹಾಲು ತರದಿದ್ದ ತಿಮ್ಮಕ್ಕ ಇವತ್ತು ಕ್ಯಾನಿಗೆ ಕಂಬಳಿ ಸುತ್ತಿಕೊಂಡು ರಸ್ತೆ ದಾಟಿ ಓಡಿಯೇ ಬಂದರು. ಆ ವಯಸ್ಸಲ್ಲಿ! ಮಂಜು ಕವಿದಿತ್ತು, ಚಳಿಗೆ ಎಲ್ಲರ ಬಾಯಲ್ಲೂ ಹೊಗೆ. ಕಂಬಳಿ ಬಿಚ್ಚಿದರೆ ಹಾಲಿನಿಂದಲೂ ಹೊಗೆ.

"ಮುಟ್ಟಿ ನೋಡು. ಕೆಚ್ಚಲಿನ ಬಿಸಿ ಹಾಗೇ ಇದೆ. ನೀರು ಹಾಕಿದ್ರೆ ಇಷ್ಟು ಬಿಸಿ ಇರ್ತದಾ?"

ನ್ಯಾಯವಾದ ಮಾತು. ಕಡ್ಡಿ ಬಿಟ್ಟೆ. ಇಪ್ಪತ್ತನಾಲ್ಕೂವರೆ. ಮೊದಲಿಗಿಂತ ಕಡಿಮೆ!

ಸಾಲಿನಿಂದ ಯಾರೋ "ಇವತ್ತು ಮೂರು ಮೊಲೇಲೂ ಹೊಳೆ" ಎಂದರು. ಮಾತು ನನ್ನದೇ, ಬೆಳೆಸಿದವರು ಬೇರೆ. ಎಲ್ಲರ ಜೊತೆ ನಾನೂ ನಕ್ಕೆ. ತಿಮ್ಮಕ್ಕ ನಗಲಿಲ್ಲ. ಎರಡನೇ ವಾಪಸಿಗೆ ಸಹಿ ಹಾಕಿ ಕ್ಯಾನಿಗೆ ಮತ್ತೆ ಕಂಬಳಿ ಸುತ್ತಿದರು.

ಅವರ ಹಿಂದೆಯೇ ಸಂಘದ ಅಧ್ಯಕ್ಷರಾದ ಮಂಜಯ್ಯಗೌಡರ ಹಾಲು ಜೀಪಿನಲ್ಲಿ ಬಂತು, ಮೂರು ಮೈಲಿ ದೂರದ ಎಸ್ಟೇಟಿನಿಂದ. ತಣ್ಣಗೆ ಕೊರೆಯುತ್ತಿತ್ತು. ಇಪ್ಪತ್ತಾರೂವರೆ. ಪಾಸ್.

ಜುಲೈ 15, ಸೋಮವಾರ

ತಿಮ್ಮಕ್ಕ ಸಂಘಕ್ಕೆ ಬರುವುದನ್ನು ನಿಲ್ಲಿಸಿ ನಾಲ್ಕು ದಿನ. ಮೂರನೇ ಸಲ ವಾಪಸಾಗಲಿ ಎಂದು ಯಾರು ಬರುತ್ತಾರೆ? ಕರೆದ ಹಾಲನ್ನು ಕರುವಿಗೆ ಬಿಡುತ್ತಿದ್ದಾರಂತೆ. ಉಳಿದದ್ದಕ್ಕೆ ಹೆಪ್ಪು ಹಾಕಿ ಮಜ್ಜಿಗೆ ಕಡೆದು ಕೂಲಿಯವರಿಗೆ ಕೊಟ್ಟರೆ ಅವರೂ ಲೋಟದೊಳಗೆ ಇಣುಕಿ ನೋಡಿ ಒಬ್ಬರಿಗೊಬ್ಬರು ಕಣ್ಣು ಹೊಡೆದರಂತೆ.

ಇನ್ನೊಂದು ಆಯಿತು. ನಮ್ಮ ಈಶ್ವರನ ಗುಡಿಗೆ ಸೋಮವಾರದ ಅಭಿಷೇಕದ ಹಾಲು ಮೂವತ್ತು ವರ್ಷದಿಂದ ತಿಮ್ಮಕ್ಕನ ಮನೆಯದು. ಇವತ್ತು ಅವರು ಚೊಂಬು ಹಿಡಿದು ಹೋದರೆ ಪೂಜೆಯ ಏಕಾಂತಪ್ಪಯ್ಯನವರು "ಈ ವಾರ ಗೌಡ್ರ ಮನೆಯಿಂದ ಬಂದಾಗಿದೆ, ಕಳೆದ ವಾರ ನೀವು ಬರದಿದ್ದಾಗಲೂ ಅವರೇ ಕೊಟ್ರು" ಎಂದರಂತೆ. ತಿಮ್ಮಕ್ಕ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದು ಬಂದದ್ದನ್ನು ಬಸಮ್ಮ ನೋಡಿದ್ದಾಳೆ.

ಬಸಮ್ಮ ನನ್ನ ಹೆಂಡತಿ. ಊಟ ಬಡಿಸುತ್ತಾ ಹೇಳಿದಳು: "ನನ್ನ ಬಾಣಂತನಕ್ಕೆ ಮೂರು ತಿಂಗಳು ಹಾಲು ಕೊಟ್ಟವರು ಅವರು. ಅದರಲ್ಲಿ ನೀರಿತ್ತಾ?"

"ಕಡ್ಡಿ ಹೇಳ್ತದೆ ಮಾರಾಯ್ತಿ, ನಾನಲ್ಲ."

"ಕಡ್ಡಿ ಇಪ್ಪತ್ತೈದು ಅಂತು. ಹೊಳೆ ಅಂದದ್ದು ಯಾರು?"

ಅನ್ನಕ್ಕೆ ಸಾರು ಹಾಕಿಸಿಕೊಂಡೆ. ಏನಾದರೂ ಹೇಳಿ ನಗಿಸೋಣ ಎಂದರೆ ಅವಳು ಒಳಗೆ ಹೋಗಿಬಿಟ್ಟಿದ್ದಳು.

ಜುಲೈ 17, ಬುಧವಾರ

ಕಣ್ಣಾರೆ ನೋಡಿಬಿಡೋಣ ಎಂದು ಬೆಳಿಗ್ಗೆ ಐದೂವರೆಗೆ ತಿಮ್ಮಕ್ಕನ ಕೊಟ್ಟಿಗೆಗೆ ಹೋದೆ.

"ಎಂತಕ್ಕೆ ಬಂದೆ? ಹೊಳೆ ನೋಡ್ಲಿಕ್ಕಾ?" ಎಂದರು.

ಬಾಗಿಲಲ್ಲೇ ನಿಂತೆ. ಆಮೇಲೆ ಅವರೇ ಸರಿದು ದಾರಿ ಬಿಟ್ಟರು. ಬಕೆಟ್ಟು ನಾನೇ ತೆಗೆದುಕೊಂಡೆ. ತೊಳೆದೆ, ಬೋರಲು ಹಾಕಿದೆ, ನನ್ನ ಟವಲಿನಲ್ಲಿ ಒರೆಸಿದೆ. ಒಳಗೆ ಕೈಯಾಡಿಸಿ ನೋಡಿದೆ, ಒಂದು ಹನಿ ಇಲ್ಲ. ಅವರು ಕೆಚ್ಚಲು ತೊಳೆದು, ಅದನ್ನೂ ಒಣಬಟ್ಟೆಯಲ್ಲಿ ಒರೆಸಿ, ಕರುವನ್ನು ಬಿಟ್ಟು, ಎಳೆದು ಕಟ್ಟಿ, ಕೂತರು. ನಾನು ಬಕೆಟ್ಟಿನ ಪಕ್ಕ ಕೂತೆ. ನಾಲ್ಕು ಮೊಲೆಯಿಂದಲೂ ಹಾಲೇ ಬಂತು. ಇಷ್ಟು ವರ್ಷ ಹಾಲಿನ ಜೊತೆ ಬದುಕಿದವನು ನಾನು, ಅದು ಬರುವ ಜಾಗದಲ್ಲಿ ಹೀಗೆ ಕೂತು ನೋಡಿದ್ದು ಇದೇ ಮೊದಲು.

ಬಕೆಟ್ಟನ್ನು ನಾನೇ ಎತ್ತಿಕೊಂಡೆ. ತಿಮ್ಮಕ್ಕ ಹಿಂದೆ ಬಂದರು. ರಸ್ತೆ ದಾಟಿದೆವು. ಲೆಕ್ಕದ ಪುಸ್ತಕ ತೆರೆಯಲಿಲ್ಲ. ಕಡ್ಡಿ ಬಿಟ್ಟೆ.

ಇಪ್ಪತ್ತೈದು.

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ಈಗ ಹೇಳು ಮಾರಾಯ. ರಸ್ತೆ ದಾಟುವಾಗ ನಾನು ನೀರು ಹಾಕಿದ್ನಾ, ನೀನು ಹಾಕಿದ್ಯಾ?"

ಕಡ್ಡಿಯನ್ನು ತೆಗೆದು ಒರೆಸಿದೆ. ನನ್ನ ಕೈಯಲ್ಲೇ ಬಂದ ಹಾಲು ಹೇಗೆ ನೀರಾಯಿತು? ಹಸುವೇ ನೀರು ಜಾಸ್ತಿ ಕುಡಿದಿದೆಯಾ? ಹಸಿ ಹುಲ್ಲಿನ ದೋಷವಾ? ಪಟ್ಟೆ ಹಸುವಿನ ಹಾಲೇ ಹೀಗಾ? ಹಾಗಾದರೆ ಬೇರೆ ಪಟ್ಟೆ ಹಸುಗಳ ಹಾಲು ಪಾಸಾಗುತ್ತದಲ್ಲ? ಒಂದು ಚೊಂಬು ಹಾಲನ್ನು ನನಗೆ ಇಸಿದುಕೊಂಡೆ. ಯಾಕೆ ಎಂದು ನನಗೂ ಗೊತ್ತಿಲ್ಲ. ಮನೆಗೆ ತಂದು ಕುಡಿದೆ. ಒಳ್ಳೆ ಹಾಲು.

ಜುಲೈ 18, ಗುರುವಾರ

ಏನೂ ತಿಳಿಯಲಿಲ್ಲ.

ಜುಲೈ 20, ಶನಿವಾರ

ಇವತ್ತೂ ತಿಮ್ಮಕ್ಕನ ಕೊಟ್ಟಿಗೆಯಿಂದ ಒಂದು ಚೊಂಬು ತಂದೆ. ಪರೀಕ್ಷೆ ಮಾಡುವಷ್ಟರಲ್ಲಿ ಡೇರಿಯ ವ್ಯಾನು ಬಂದು ಹಾರನ್ ಹೊಡೆಯತೊಡಗಿತು. ಚೊಂಬನ್ನು ಕಿಟಕಿಯಲ್ಲಿಟ್ಟು ಕ್ಯಾನುಗಳನ್ನು ಹತ್ತಿಸಿದೆ. ಲೆಕ್ಕ, ಸಹಿ, ತೊಳೆಯುವುದು. ಒಂದು ಗಂಟೆಯ ಮೇಲೆ ನೆನಪಾಯಿತು. ಕಡ್ಡಿ ಬಿಟ್ಟೆ.

ಇಪ್ಪತ್ತೆಂಟು.

ಕಡ್ಡಿ ಕೆಟ್ಟಿದೆ ಅಂದುಕೊಂಡೆ. ಒರೆಸಿ ಮತ್ತೆ ಬಿಟ್ಟೆ. ಇಪ್ಪತ್ತೆಂಟು. ಹಾಲು ಅದೇ. ಚೊಂಬು ಅದೇ. ಯಾರೂ ಮುಟ್ಟಿಲ್ಲ. ಆದದ್ದು ಇಷ್ಟೇ, ಹಾಲು ತಣ್ಣಗಾಗಿದೆ.

ಮನೆಗೆ ತಂದು ಒಲೆಯ ಮೇಲೆ ಉಗುರು ಬೆಚ್ಚಗೆ ಮಾಡಿ ಬಿಟ್ಟೆ. ಕಡ್ಡಿ ಇಪ್ಪತ್ತೈದಕ್ಕೆ ಇಳಿಯಿತು. ತಣ್ಣೀರಿನಲ್ಲಿಟ್ಟು ಆರಿಸಿದೆ. ಮೇಲೆ ಬಂತು. ಮತ್ತೆ ಕಾಯಿಸಿದೆ, ಮತ್ತೆ ಆರಿಸಿದೆ. ಮಧ್ಯಾಹ್ನದ ಊಟ ಮರೆತೇಹೋಯಿತು.

"ನಿಮಗೆ ಎಂತ ಆಗಿದೆ ರೀ? ಬೆಳಿಗ್ಗೆಯಿಂದ ಅದೇ ಹಾಲನ್ನ ಕಾಯಿಸ್ತೀರಿ, ಆರಿಸ್ತೀರಿ. ಮಗುವಿಗೆ ಕುಡಿಸೋ ಹಾಗೆ!" ಎಂದಳು ಬಸಮ್ಮ.

"ಬಿಸಿ ಇದ್ರೆ ಮುಳುಗ್ತದೆ ಕಣೇ. ತಣ್ಣಗಿದ್ರೆ ತೇಲ್ತದೆ."

"ಹಾಗಾದ್ರೆ ತಿಮ್ಮಕ್ಕ?"

ನಾನು ಕಡ್ಡಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ತಿಮ್ಮಕ್ಕ ಬಿಸಿ ಆರುವ ಮೊದಲೇ ತರಬೇಕೆಂದು ಓಡಿ ಬಂದಷ್ಟೂ ಅವರ ಹಾಲಿನಲ್ಲಿ ನೀರು ಕಂಡಿತ್ತು.

ಜುಲೈ 21, ಭಾನುವಾರ

ಶಶಿಧರನ ಮನೆಗೆ ಹೋಗಿ ಹೇಳಿದೆ.

"ರುದ್ರಣ್ಣ, ಪೆಟ್ಟಿಗೇಲಿ ಥರ್ಮಾಮೀಟರ್ ಇತ್ತಲ್ಲ, ಅದೆಲ್ಲಿ?"

"ಅದು ಜ್ವರ ನೋಡೋದಲ್ವಾ? ಮನೇಲಿಟ್ಟಿದ್ದೀನಿ."

"ಅಯ್ಯೋ! ಹಾಲಿನ ಬಿಸಿ ನೋಡೋದು ಅದು. ಇಪ್ಪತ್ತೇಳು ಡಿಗ್ರಿ ಬಿಸಿಗೆ ಕಡ್ಡಿ ಸರಿ ಇರ್ತದೆ. ಅದಕ್ಕಿಂತ ಬಿಸಿ ಇದ್ರೆ ಅಂಕಿಗೆ ಸ್ವಲ್ಪ ಕೂಡಿಸ್ಬೇಕು, ತಣ್ಣಗಿದ್ರೆ ಕಳೀಬೇಕು. ಮೂಡಿಗೆರೆ ತರಬೇತೀಲಿ ಎರಡನೇ ದಿನ ಮಧ್ಯಾಹ್ನ ಪೂರ್ತಿ ಅದನ್ನೇ ಹೇಳಿಕೊಟ್ರಲ್ಲ."

ಎರಡನೇ ದಿನ ಮಧ್ಯಾಹ್ನ ನಾನು ಹಿಂದಿನ ಬೆಂಚಿನಲ್ಲಿ ಜಾವಳಿ ಊರಿನವರಿಗೆ ಆನೆಯ ಕಥೆ ಹೇಳುತ್ತಿದ್ದೆ. ಆ ಬೆಂಚು ಪೂರ್ತಿ ನಕ್ಕಿತ್ತು. ಅದು ಚೆನ್ನಾಗಿ ನೆನಪಿದೆ.

"ನಾನಾದ್ರೂ ಕೇಳ್ಬೇಕಿತ್ತು," ಎಂದ ಶಶಿಧರ. ಒಳ್ಳೆ ಹುಡುಗ. ಕೂಡಿಸಿ ಕಳೆಯುವ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಬರೆದುಕೊಟ್ಟ.

ಜುಲೈ 22, ಸೋಮವಾರ

ಬೆಳಿಗ್ಗೆ ಸಾಲಿನ ಎದುರು ನಿಂತು ಹೇಳಿದೆ. ತಿಮ್ಮಕ್ಕನ ಹಾಲಿನಲ್ಲಿ ನೀರಿರಲಿಲ್ಲ, ಬಿಸಿ ಇತ್ತು, ತಪ್ಪು ನನ್ನದು ಎಂದೆ.

ಕಳಸದ ಜೀಪಿನ ಡ್ರೈವರ್ ಹೊಟ್ಟೆ ಹಿಡಿದುಕೊಂಡ. "ಹಾಲಿಗೆ ಜ್ವರ ಬಂದಿತ್ತಂತೆ!" ಸಾಲು ಪೂರ್ತಿ ನಕ್ಕಿತು. "ರುದ್ರಣ್ಣ, ಮಾತ್ರೆ ಕೊಟ್ರಾ?" "ಸೂಜಿ ಎಲ್ಲಿಗೆ ಚುಚ್ಚಿದ್ರಿ?"

ನಿಜವಾಗಿ ಹೇಳುತ್ತಿದ್ದೇನೆ ಎಂದೆ. ಇನ್ನೂ ಜೋರಾಗಿ ನಕ್ಕರು. ಥರ್ಮಾಮೀಟರ್ ಎತ್ತಿ ತೋರಿಸಿದೆ. ನೆಲಕ್ಕೆ ಕೂತು ನಕ್ಕರು. ಇವರಿಗೆ ಏನಾಗಿದೆ?

ಸಂಜೆ ತಿಮ್ಮಕ್ಕನ ಮನೆಗೆ ಹೋದೆ. ಹೊಸಲಿನ ಆಚೆ ನಿಂತೇ ಎಲ್ಲ ಕೇಳಿಸಿಕೊಂಡರು. ಕೂರು ಅನ್ನಲಿಲ್ಲ, ಕಾಫಿ ಅನ್ನಲಿಲ್ಲ. ಈ ಮನೆಯಲ್ಲಿ ಕಾಫಿ ಕುಡಿಯದೆ ನಾನು ಇಳಿದದ್ದೇ ಇಲ್ಲ.

"ಬೆಳಿಗ್ಗೆ ಸಾಲಲ್ಲಿ ಹೇಳಿದೆ ಅಕ್ಕ."

"ಕೇಳಿಸ್ತು. ನಗೋದು ಇಲ್ಲಿವರೆಗೂ ಕೇಳಿಸ್ತು."

"ಸಂಘಕ್ಕೆ ಹಾಲು ತನ್ನಿ. ನಾಳೆಯಿಂದ ಸರಿಯಾಗಿ ನೋಡ್ತೀನಿ."

"ನೀನು ಆಡಿದ ಮಾತು ಯಾವ್ಯಾವ ಮನೆಗೆ ಹೋಗಿದ್ಯೋ ಆ ಮನೆಗೆಲ್ಲ ನೀನೇ ಹೋಗಿ ಹೇಳು. ಸಾಲಲ್ಲಿ ಅಲ್ಲ. ಒಂದೊಂದು ಮನೆಗೂ. ಗುಡಿಗೂ. ಆಮೇಲೆ ನೋಡುವ." ಬಾಗಿಲು ಮುಂದಕ್ಕೆ ಮಾಡಿಕೊಂಡರು.

ಜುಲೈ 24, ಬುಧವಾರ

ಒಂಬತ್ತು ಮನೆ ಆಯಿತು. ಹೊಸಮಕ್ಕಿಯಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಜಿಗಣೆ ಬೇರೆ. ಆ ಮಾತು ಆಡುವಾಗ ನಾನು ಕೂತ ಜಾಗದಿಂದ ಎದ್ದಿರಲಿಲ್ಲ.

ಹೋದ ಕಡೆಯೆಲ್ಲ "ಬಾ ಬಾ, ಆ ಹೊಳೆಯದ್ದು ನಿನ್ನ ಬಾಯಲ್ಲೇ ಒಂದ್ಸಲ ಹೇಳು" ಎನ್ನುತ್ತಾರೆ. ಚಿಕ್ಕ ಚೊಂಬಿನಲ್ಲಿ ಹಾಲು ತರಿಸಿ, ಬಿಸಿ ಮಾಡಿ, ಆರಿಸಿ, ಕಡ್ಡಿ ಬಿಟ್ಟು ತೋರಿಸುತ್ತೇನೆ. ಆಗ ಸುಮ್ಮನಾಗುತ್ತಾರೆ. ಒಂದು ಮನೆಯ ಅಂಗಳದಲ್ಲಿ ಒಂದು ಮಗು ಕೈ ಕಾಲು ಊರಿ ಹಸುವಾಗಿತ್ತು, ಇನ್ನೊಂದು ಕರೆಯುತ್ತಿತ್ತು. "ಇದು ಹಾಲು, ಇದು ಹೊಳೆ." ಅವಕ್ಕೂ ಕಡ್ಡಿ ತೋರಿಸಿದೆ. ಏನು ಅರ್ಥವಾಯಿತೋ.

ನೆಗಡಿಯಾಗಿದೆ.

ಜುಲೈ 26, ಶುಕ್ರವಾರ

ಇವತ್ತು ಮಂಜಯ್ಯಗೌಡರ ಎಸ್ಟೇಟು. ಗೌಡರು ಜಗಲಿಯಲ್ಲಿ ಕೂರಿಸಿ, "ಎಂತ ಮಾರಾಯ, ಊರೆಲ್ಲ ಸುತ್ತುತಾ ಇದ್ದೀಯಂತೆ" ಎಂದರು. ಸಂಘಕ್ಕೆ ಹೋಗಿ ಮಿಕ್ಕಿದ ಬೆಳಗಿನ ಹಾಲನ್ನು ತರಿಸಿದರು. ತಣ್ಣಗಿತ್ತು, ಥರ್ಮಾಮೀಟರಿನಲ್ಲಿ ಇಪ್ಪತ್ತು. ಕಡ್ಡಿ ಇಪ್ಪತ್ತಾರೂವರೆಗೆ ನಿಂತಿತು.

"ನೋಡು, ಪಾಸ್!" ಎಂದರು ಗೌಡರು.

ಶಶಿಧರ ಕೊಟ್ಟ ಪಟ್ಟಿ ನೋಡಿದೆ. ತಣ್ಣಗಿನ ಹಾಲಿಗೆ ಕಳೆಯಬೇಕು, ಈ ನಾಲ್ಕು ದಿನ ಬಿಸಿ ಹಾಲಿಗೆ ಕೂಡಿಸಿದ್ದೆನೇ ಹೊರತು ಕಳೆದಿರಲಿಲ್ಲ. ಕಳೆದರೆ ಇಪ್ಪತ್ತೈದು. ಇನ್ನೊಂದು ಸಲ ಕಳೆದೆ. ಇಪ್ಪತ್ತೈದೇ. ಅಂದರೆ ಇಷ್ಟು ದಿನ ನೀರಿದ್ದ ಹಾಲು ಚಳಿಯಲ್ಲಿ ಪಾಸಾಗಿದೆ, ನೀರಿಲ್ಲದ ಹಾಲು ಬಿಸಿಯಲ್ಲಿ ಫೇಲಾಗಿದೆ.

ಗೌಡರಿಗೆ ಗೊತ್ತಿದೆಯೋ, ಕೆಲಸದವರು ಹಾಕುತ್ತಾರೋ, ನನಗೆ ಗೊತ್ತಿಲ್ಲ. ಪಟ್ಟಿಯನ್ನು ಅವರ ಮುಂದಿಟ್ಟೆ. "ನಾಳೆಯಿಂದ ಎಲ್ಲರ ಹಾಲಿಗೂ ಹೀಗೇ ನೋಡ್ತೀನಿ ಗೌಡ್ರೇ. ಮನೇಲಿ ಒಂದ್ಸಲ ಹೇಳಿಡಿ" ಎಂದಷ್ಟೇ ಹೇಳಿದೆ. ಅವರು ಪಟ್ಟಿಯನ್ನೂ ಕಡ್ಡಿಯನ್ನೂ ಬಹಳ ಹೊತ್ತು ನೋಡಿದರು. ಕಾಫಿ ಕೊಟ್ಟರು. ಕುಡಿದು ಇಳಿದು ಬಂದೆ.

ಬಸಮ್ಮ ರಾತ್ರಿ ಹಣೆ ಮುಟ್ಟಿ ನೋಡಿದಳು. "ಹುಷಾರಿಲ್ವಾ? ಒಂದು ವಾರದಿಂದ ಒಂದು ತಮಾಷೆ ಮಾತಿಲ್ಲ." ನೆಗಡಿ ಅಷ್ಟೇ ಎಂದೆ.

ಜುಲೈ 28, ಭಾನುವಾರ

ಕೊನೆಯದು ಗುಡಿ. ಏಕಾಂತಪ್ಪಯ್ಯನವರು ಬಿಲ್ವಪತ್ರೆ ಬಿಡಿಸುತ್ತಾ ಪೂರ್ತಿ ಕೇಳಿದರು. ಮಧ್ಯದಲ್ಲಿ ನಗಲಿಲ್ಲ.

"ಹಾಗಾದ್ರೆ ತಿಮ್ಮಕ್ಕನ ಹಾಲು ಶುದ್ಧ."

"ಶುದ್ಧ ಅಯ್ಯನೋರೇ."

"ಮತ್ತೆ ಮೂರು ಸೋಮವಾರ ಈಶ್ವರನಿಗೆ ಹೋದದ್ದು ಎಂಥ ಹಾಲು ರುದ್ರಪ್ಪ?"

ಉತ್ತರ ನಾಲಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಊರು ಒಂದು ವರ್ಷ ನಗುತ್ತಿತ್ತು.

"ಗೊತ್ತಿಲ್ಲ ಅಯ್ಯನೋರೇ" ಎಂದೆ.

ಜುಲೈ 29, ಸೋಮವಾರ

ತಿಮ್ಮಕ್ಕ ಬಂದರು. ಎಲ್ಲರಿಗಿಂತ ಮೊದಲಲ್ಲ, ಸಾಲು ತುಂಬಿದ ಮೇಲೆ. ಕ್ಯಾನಿಗೆ ಕಂಬಳಿ ಸುತ್ತಿತ್ತು. ಹಾಲು ಹೊಗೆಯಾಡುತ್ತಿತ್ತು.

ಥರ್ಮಾಮೀಟರ್ ಇಟ್ಟೆ, ಮೂವತ್ತಾರು. ಕಡ್ಡಿ ಬಿಟ್ಟೆ, ಇಪ್ಪತ್ತೈದು. "ಇದಕ್ಕೆ ಕೂಡಿಸಿದ್ರೆ ಇಪ್ಪತ್ತೇಳರ ಹತ್ರ. ಪಾಸ್ ಅಕ್ಕ," ಎಂದೆ.

"ಕೂಡಿಸೋದು ಯಾರು? ನೀನಾ?"

"ಲೆಕ್ಕ ಹಾಗಿದೆ."

"ನೀನು ಕೂಡಿಸಿ ಕೊಟ್ಟದ್ದು ಬೇಡ. ಆರ್ಲಿ. ನಾನು ಕಾಯ್ತೀನಿ."

ಬೆಂಚಿನ ಮೇಲೆ ಕೂತರು. ಕಂಬಳಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಸಾಲು ನಿಂತಿತು. ಬೇರೆಯವರ ಹಾಲು ನೋಡುತ್ತಾ ಇರಬಹುದಿತ್ತು, ಆದರೆ ನನ್ನ ಕೈ ಹೋಗಲಿಲ್ಲ. ವ್ಯಾನು ಬಂದು ಹಾರನ್ ಹೊಡೆಯಿತು. ಕೈ ಎತ್ತಿ ತಡಿ ಎಂದೆ. ಮಂಜಯ್ಯಗೌಡರು ಇವತ್ತು ಜೀಪಿನ ಜೊತೆ ತಾವೇ ಬಂದಿದ್ದರು, ಅವರೂ ನಿಂತರು.

"ಏನಾದ್ರೂ ಹೇಳು ರುದ್ರಣ್ಣ, ಹೊತ್ತು ಹೋಗ್ಲಿ" ಎಂದ ಕಳಸದ ಜೀಪಿನ ಡ್ರೈವರ್. ನನಗೆ ಒಂದೂ ನೆನಪಾಗಲಿಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ಕಡ್ಡಿ ಬಿಟ್ಟೆ. ತಿಮ್ಮಕ್ಕ ಕಡ್ಡಿಯನ್ನು ನೋಡಲಿಲ್ಲ. ಸಾಲನ್ನು ನೋಡುತ್ತಿದ್ದರು, ಒಬ್ಬೊಬ್ಬರನ್ನೇ.

"ಇಪ್ಪತ್ತೆಂಟು," ಎಂದೆ.

"ಬರ್ಕೋ," ಎಂದರು. ಗುಡಿಗೆ ಒಂದು ಚೊಂಬು ಬಗ್ಗಿಸಿಕೊಂಡು, ಉಳಿದದ್ದನ್ನು ಸಂಘದ ಕ್ಯಾನಿಗೆ ಸುರಿದು ಹೋದರು. ಚೊಂಬು ಈ ಸಲ ಸೆರಗಿನ ಹೊರಗೇ ಇತ್ತು.

ಅಕ್ಕ ಏನಂದ್ರು ಎಂದು ಬಸಮ್ಮ ಕೇಳಿದಳು. ಬರ್ಕೋ ಅಂದರು ಎಂದೆ. ಅಷ್ಟೇನಾ? ಅಷ್ಟೇ. ಸಿಟ್ಟು ಹೋಯಿತೋ ಇಲ್ಲವೋ ಅದರಲ್ಲಿ ಗೊತ್ತಾಗಲಿಲ್ಲ. ನಾಳೆಯೂ ಬಿಸಿ ಹಾಲನ್ನೇ ತರುತ್ತಾರೆ, ಆರುವವರೆಗೂ ಕೂರುತ್ತಾರೆ, ಅದು ಮಾತ್ರ ಗೊತ್ತು. ಬಾವಿಕಟ್ಟೆ ಮೇಲಿರುವ ಅಗಲ ಬಾಯಿಯ ಬಕೆಟ್ಟಿಗೆ ತಣ್ಣೀರು ತುಂಬಿಸಿ ಬೆಂಚಿನ ಪಕ್ಕ ಇಡಬೇಕು. ಕ್ಯಾನನ್ನು ಅದರಲ್ಲಿ ನಿಲ್ಲಿಸಿದರೆ ಬೇಗ ಆರುತ್ತದೆ. ಆ ಚಳಿಯಲ್ಲಿ ಅಷ್ಟು ಹೊತ್ತು ಕೂರುವ ವಯಸ್ಸಲ್ಲ ಅವರದು.